ಮೊದಲ ಹಾಳೆಯ ಕಸುಬು

ಹುನಗುಂದ ಸೀಮೆಯ ಮರೋಳದಲ್ಲಿ ಹುಟ್ಟಿ, ಇಳಕಲ್ಲಿನ ಪೇಟೆಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವರಿಗೆ, ವರದಿಗಳ ಮೊದಲ ಹಾಳೆಯನ್ನು ಬರೆದುಕೊಡುವುದೇ ಒಂದು ಪ್ರತ್ಯೇಕ ಕಸುಬಾಗಿದ್ದಿತೆಂದರೆ ಇಂದಿನ ತರುಣರು ಸುಲಭವಾಗಿ ನಂಬಲಾರರು. ಮಗ್ಗಕ್ಕೆ ಸಾಲ ಬೇಡುವ ನೇಕಾರರು, ಕೆಂಪುಕಲ್ಲಿನ ಕ್ವಾರಿಗೆ ಯಂತ್ರ ಕೊಳ್ಳಲಿರುವ ಸಾಹುಕಾರರು, ಪತ್ತಿನ ಸಂಘದ ಕಾರ್ಯದರ್ಶಿಗಳು, ಹೀಗೆ ನಾನಾ ಬಗೆಯ ಜನ ಕಾಗದಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಬಾಗಲಕೋಟೆ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಮ್ಮ ಸೀಮೆಯ ಕಾಗದಪತ್ರಗಳೆಲ್ಲ ವಿಜಾಪುರದ ದಾರಿ ಹಿಡಿಯಬೇಕಾಗಿದ್ದಿತು. ಒಂದು ವಿವರ ಬಿಟ್ಟುಹೋದರೆ ಕಡತ ಹಿಂದಿರುಗುವುದಕ್ಕೆ ವಾರಗಳು ಹಿಡಿಯುತ್ತಿದ್ದುದರಿಂದ, ಮೊದಲ ಹಾಳೆಯಲ್ಲಿಯೇ ಅಧಿಕಾರಿಯ ಸಂಶಯಗಳೆಲ್ಲ ಪರಿಹಾರವಾಗಬೇಕೆಂಬ ಎಚ್ಚರ ನಮ್ಮಲ್ಲಿ ತಾನಾಗಿಯೇ ಬೆಳೆದಿದ್ದಿತು.

ಈ ವಿದ್ಯೆಯನ್ನು ನನಗೆ ಕಲಿಸಿದವರು ಮುಂಬಯಿ ಪ್ರಾಂತದ ಕಾಲದಲ್ಲಿ ಮಾಮಲೇದಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು. ಹೊಲದ ಲೆಕ್ಕ, ಕಂದಾಯದ ಬಾಕಿ, ಬರಗಾಲದ ತಗಾವಿ, ಇವುಗಳ ಗೋಷ್ವಾರೆಯನ್ನು ಸಾಹೇಬರ ಮೇಜಿನ ಮೇಲಿಡುವ ಕಾಯಕದಲ್ಲಿ ಅವರ ಕೈ ಪಳಗಿದ್ದಿತು. "ತಮ್ಮಾ, ಗೋಷ್ವಾರೆ ಕಡೀಕ ಬರಿ, ಮುಂದ ಹಚ್ಚು. ಸಾಹೇಬರು ಅದೊಂದ ಹಾಳಿ ಓದತಾರ ಅಂತ ತಿಳಕೊಂಡು ಬರಿ" ಎನ್ನುತ್ತಿದ್ದರು. ವರದಿಯ ಲೆಕ್ಕಗಳೆಲ್ಲ ಸ್ಥಿರವಾಗುವ ಮುನ್ನ ಸಾರವನ್ನು ಬರೆಯಕೂಡದು. ಬರೆದ ಸಾರದಲ್ಲಿ ಒಳಗಿಲ್ಲದ ಒಂದು ಅಂಕೆಯೂ ಇರಕೂಡದು. ಯಾವ ಅಪ್ಪಣೆ ಬೇಕಾಗಿದೆಯೆಂಬುದು ಮೊದಲ ನಾಲ್ಕು ಸಾಲುಗಳೊಳಗೆ ಬಂದುಬಿಡಬೇಕು. ಇವು ಅವರ ನಿಬಂಧನೆಗಳು.

ಆ ನಿಬಂಧನೆಗಳ ಬೆಲೆ ನನಗೆ ಪೂರ್ಣವಾಗಿ ತಿಳಿದುದು ಒಬ್ಬ ನೇಕಾರರ ಸಾಲದ ಅರ್ಜಿಯನ್ನು ತಿದ್ದುವಾಗ. ಅವರ ಮಗ, ಕಾಲೇಜು ಓದಿದ ಹುಡುಗ, ತಾನೇ ಒಂದು ವರದಿಯನ್ನು ಸಿದ್ಧಪಡಿಸಿದ್ದ. ಪ್ರಾರಂಭದಲ್ಲಿ ಇಳಕಲ್ ಸೀರೆಯ ಪ್ರಾಚೀನತೆ, ಬಳಿಕ ಟೋಪ ತೆನಿಯ ಸೆರಗಿನ ಸೊಬಗು, ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವ ಕೊಂಡಿಯ ವರ್ಣನೆ. ಓದಲು ಅತ್ಯಂತ ಹೃದ್ಯವಾಗಿದ್ದಿತು. ಆದರೆ ಎಷ್ಟು ಹಣ ಬೇಕು, ಏತಕ್ಕೆ ಬೇಕು ಎಂಬುದು ಕೊನೆಯ ಹಾಳೆಗಳಲ್ಲೆಲ್ಲೋ ಅಡಗಿ ಕುಳಿತಿದ್ದಿತು. ನಾವು ಆ ಪುಟಗಳನ್ನು ಹಾಗೆಯೇ ಒಳಗಿರಿಸಿ, ಮುಂದೆ ಒಂದೇ ಹಾಳೆಯನ್ನು ಸೇರಿಸಿದೆವು. ಅರ್ಜಿದಾರರ ಮನೆಯಲ್ಲಿ ಈಗ ಎರಡು ಕುಣಿಮಗ್ಗಗಳು ನಡೆಯುತ್ತಿವೆ. ಇನ್ನೆರಡನ್ನು ಹೂಡುವುದಕ್ಕೂ ರೇಷ್ಮೆಯ ನೂಲನ್ನು ಸುಗ್ಗಿಯ ಮುಂಚೆ ಸಗಟಾಗಿ ಕೊಳ್ಳುವುದಕ್ಕೂ ಸಾಲ ಬೇಕಾಗಿದೆ. ಸ್ವಂತದ ಪಾಲು ಇಷ್ಟು, ಬ್ಯಾಂಕಿನ ಪಾಲು ಇಷ್ಟು. ಸೀರೆಗಳನ್ನು ಕೊಳ್ಳುವ ವ್ಯಾಪಾರಿ ಇಂಥವರು. ಮದುವೆಯ ತಿಂಗಳುಗಳಲ್ಲಿ ಕಂತು ಹೆಚ್ಚು, ಮಳೆಗಾಲದಲ್ಲಿ ಕುಣಿಗೆ ನೀರು ಬಂದು ನೇಯ್ಗೆ ನಿಲ್ಲುವುದರಿಂದ ಕಂತು ಕಡಿಮೆ. ಈ ಕೊನೆಯ ಮಾತನ್ನು ಬರೆಯಲು ಹುಡುಗನಿಗೆ ಮನಸ್ಸಿರಲಿಲ್ಲ. ಕುಂದನ್ನು ನಾವೇ ಏಕೆ ಹೇಳಬೇಕೆಂದು ಅವನ ವಾದ. ಬ್ಯಾಂಕಿನ ಅಧಿಕಾರಿ ಮಾತ್ರ ಆ ಸಾಲಿನ ಮೇಲೆಯೇ ಬೆರಳಿಟ್ಟು, ಈ ಮನುಷ್ಯನಿಗೆ ತನ್ನ ಕಸುಬು ಗೊತ್ತಿದೆ ಎಂದರಂತೆ.

ತೊಂಬತ್ತರ ದಶಕದ ಕೊನೆಗೆ ಗಣಕಯಂತ್ರಗಳು ಬಂದುವು. ಬೆರಳಚ್ಚಿನ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದುವು. ಅದಕ್ಕಾಗಿ ನಾನು ಶೋಕಿಸುವವನಲ್ಲ. ಒಂದಕ್ಷರ ತಪ್ಪಿದರೆ ಇಡೀ ಹಾಳೆಯನ್ನು ಮತ್ತೆ ಹೊಡೆಯುವ ಕಷ್ಟವನ್ನು ಅನುಭವಿಸಿದವರಿಗೆ ಆ ಯಂತ್ರದ ಉಪಕಾರ ಚೆನ್ನಾಗಿ ಗೊತ್ತು. ಆದರೆ ಆ ಕಷ್ಟವೇ ನಮ್ಮನ್ನು ಮಿತಭಾಷಿಗಳನ್ನಾಗಿ ಮಾಡಿದ್ದಿತು. ಕಷ್ಟ ಹೋದೊಡನೆ ವರದಿಗಳು ಉಬ್ಬತೊಡಗಿದುವು. 'ಕಾರ್ಯನಿರ್ವಾಹಕ ಸಾರಾಂಶ' ಎಂಬ ಭಾರವಾದ ಶಿರೋನಾಮೆಯ ಕೆಳಗೆ, ಒಳಗಿನ ಅಧ್ಯಾಯಗಳ ಮೊದಲ ವಾಕ್ಯಗಳನ್ನು ಕತ್ತರಿಸಿ ಅಂಟಿಸುವ ಪದ್ಧತಿ ಬಂದಿತು. ದೂರದ ನಗರದ ಸಲಹೆಗಾರರೊಬ್ಬರು ನಮ್ಮ ಭಾಗದ ಕಲ್ಲುಗಣಿಗೆ ಬರೆದ ಸಾರಾಂಶವೊಂದರಲ್ಲಿ, ಕೃಷ್ಣೆಯೂ ಮಲಪ್ರಭೆಯೂ ಹರಿಯುವ ನಾಡಿನ ಗಣಿಗೆ ಬೇರೊಂದು ಜಿಲ್ಲೆಯ ಹೊಳೆಯ ಹೆಸರು ಹಾಗೆಯೇ ಉಳಿದುಕೊಂಡಿದ್ದುದನ್ನು ನಾನು ಕಣ್ಣಾರೆ ಕಂಡೆನು.

ಇದೇ ಕಾಲದಲ್ಲಿ ಮತ್ತೊಂದು ಗಂಭೀರವಾದ ಬದಲಾವಣೆ ನಡೆದಿದ್ದಿತು. 1994ರ ಪರಿಸರ ಪರಿಣಾಮ ಅಧಿಸೂಚನೆಗೆ 1997ರಲ್ಲಿ ತಿದ್ದುಪಡಿಯಾಗಿ ಸಾರ್ವಜನಿಕ ಆಲಿಕೆ ಕಡ್ಡಾಯವಾಯಿತು. 2006ರ ಸೆಪ್ಟೆಂಬರಿನಲ್ಲಿ ಬಂದ ಹೊಸ ಅಧಿಸೂಚನೆಯು ವರದಿಯ ಸಾರಾಂಶವು ಹೆಚ್ಚೆಂದರೆ 10 ಪುಟಗಳಲ್ಲಿ ಮುಗಿಯಬೇಕೆಂದೂ, ಇಂಗ್ಲಿಷಿನೊಂದಿಗೆ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದೂ, ಆಲಿಕೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕೆಂದೂ ವಿಧಿಸಿತು. ಅಲ್ಲಿಯವರೆಗೆ ಮೊದಲ ಹಾಳೆಯ ಓದುಗನೆಂದರೆ ಕುರ್ಚಿಯ ಮೇಲಿನ ಅಧಿಕಾರಿಯಾಗಿದ್ದನು. ಈಗ ಪಂಚಾಯತಿಯ ಕಟ್ಟೆಯ ಮೇಲೆ ಕುಳಿತ ರೈತನೂ ಆದನು. ನನ್ನ ಕಾಲದಲ್ಲಿ ಈ ಕಸುಬಿಗೆ ದೊರೆತ ಅತಿದೊಡ್ಡ ಗೌರವ ಇದೆಂದು ನಾನು ಭಾವಿಸುತ್ತೇನೆ. ಅದಕ್ಕೆ ತಕ್ಕ ಸಾರಾಂಶಗಳನ್ನು ನಾವು ಬರೆದೆವೆಂದು ಹೇಳಲು ಮಾತ್ರ ನಾಲಗೆ ಏಳದು.

ಅಂಥ ಒಂದು ಆಲಿಕೆಯಲ್ಲಿ, ಶಾಮಿಯಾನದ ಕೆಳಗೆ, ವಯಸ್ಸಾದ ರೈತರೊಬ್ಬರು ಕನ್ನಡ ಸಾರಾಂಶದ ಪ್ರತಿಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ಎದ್ದು ನಿಂತರು. "ಸಾಹೇಬರ, ನೀವು ಬರದದ್ದು ಖರೇನ ಇರಬಹುದು. ಮದ್ದು ಹಾರಿಸಿದಾಗ ನಮ್ಮ ಬಾಂವಿ ಬಿರುಕ ಬಿಟ್ಟರ ಯಾರ್ನ ಕೇಳೂಣು? ಅದು ಇದರಾಗ ಎಲ್ಲೈತಿ?" ಕಂಪನದ ಪ್ರಮಾಣ, ಧೂಳಿನ ಕಣಗಳ ಪ್ರಮಾಣ, ನೆಡಲಿರುವ ಸಸಿಗಳ ಸಂಖ್ಯೆ ಎಲ್ಲವೂ ಆ ಪುಟಗಳಲ್ಲಿದ್ದುವು. ಬಾವಿಯ ಮಾತು ಇರಲಿಲ್ಲ. ಆಲಿಕೆಯಲ್ಲಿ ಎತ್ತಿದ ಪ್ರಶ್ನೆಗಳನ್ನು ಬರೆದುಕೊಂಡು ಕೊನೆಯಲ್ಲಿ ಸಭೆಗೆ ಕನ್ನಡದಲ್ಲಿ ಓದಿಹೇಳಬೇಕೆಂಬ ನಿಯಮವಿರುವುದರಿಂದ, ಆ ಪ್ರಶ್ನೆ ನಡವಳಿಯೊಳಗೆ ಸೇರಿತು. ಸಾರಾಂಶದಲ್ಲಿಯೇ ಸೇರಬೇಕಾಗಿದ್ದುದು ಹಾಗೆ ಹಿಂಬಾಗಿಲಿನಿಂದ ಪ್ರವೇಶಿಸಿತು. ಆ ದಿನದಿಂದ ಯಾವ ವರದಿ ಕೈಗೆ ಬಂದರೂ, ಇದರಿಂದ ನಷ್ಟಕ್ಕೆ ಗುರಿಯಾಗುವವರು ಯಾರು, ಅವರು ಯಾರ ಬಾಗಿಲಿಗೆ ಹೋಗಬೇಕು ಎಂಬೆರಡು ವಾಕ್ಯಗಳಿಲ್ಲದೆ ನಾನು ಹಾಳೆಯನ್ನು ಕೆಳಗಿಟ್ಟುದಿಲ್ಲ.

ಬಳಿಕ ನಮ್ಮೂರಿನ ಹೆಸರೇ ಒಂದು ಬೃಹತ್ ಯೋಜನೆಯ ಶಿರೋನಾಮೆಯಾಯಿತು. ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ 24,000 ಹೆಕ್ಟೇರು ಭೂಮಿಗೆ ಹನಿ ನೀರಾವರಿಯಿಂದ ಉಣಿಸುವ ರಾಮಥಾಳ-ಮರೋಳ ಯೋಜನೆಯನ್ನು ನೆಟಾಫಿಮ್, ಜೈನ್ ಎಂಬ ಎರಡು ಕಂಪನಿಗಳು ಕೃಷ್ಣಾ ಭಾಗ್ಯ ಜಲ ನಿಗಮಕ್ಕಾಗಿ ನಿರ್ಮಿಸಿದುವು. 2017ರಲ್ಲಿ ಅದು ಉದ್ಘಾಟನೆಗೊಂಡಿತು. ಜೋಳ, ಕಡಲೆ, ತೊಗರಿಗಳನ್ನು ಮಳೆಯ ದಯೆಯಿಂದಲೇ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಕಪ್ಪು ಕೊಳವೆಗಳು ಸಾಲುಸಾಲಾಗಿ ಹರಡಿದುವು. ವರದಿಯ ಸಾರವನ್ನು ಮೂರೇ ಸಾಲುಗಳಲ್ಲಿ ಹೇಳಬಹುದಾದಷ್ಟು ಸ್ಪಷ್ಟವಾದ ಯೋಜನೆ ಅದು. ಆದರೆ ಹೊಲದಲ್ಲಿ ನಿಂತು ಕೇಳಿದರೆ ಬೇರೆಯೇ ಸಾಲುಗಳು ಮೊದಲು ಬರುತ್ತವೆ: ಕೊಳವೆಯನ್ನು ಇಲಿ ಕಡಿದರೆ ಯಾರು ಕೂಡಿಸುವರು, ಉಳುವಾಗ ಸುತ್ತಿಟ್ಟ ಕೊಳವೆಯನ್ನು ಮತ್ತೆ ಯಾರು ಹಾಸುವರು, ಕಂಪನಿಯವರು ಹೊರಟುಹೋದ ಮೇಲೆ ಕವಾಟದ ಕೀಲಿ ಯಾರ ಕೈಯಲ್ಲಿ?

ಈಗ ಆ ಹೊಲಗಳ ಹುಡುಗರು ಕೂಡಿ ಮೆಣಸಿನಕಾಯಿ ಒಣಗಿಸುವ ಘಟಕವೊಂದನ್ನು ಕಟ್ಟಲು ಸಾಲ ಕೇಳುವವರಿದ್ದಾರೆ. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಸಿದ್ಧವಾದ ಸಾರಾಂಶವನ್ನು ಅಚ್ಚು ಹಾಕಿಸಿಕೊಂಡು ಮೊನ್ನೆ ನನ್ನಲ್ಲಿಗೆ ಬಂದರು. ಭಾಷೆ ನಿರ್ದುಷ್ಟವಾಗಿದೆ, ಹಣದ ಲೆಕ್ಕ ಸರಿಯಾಗಿದೆ. ಬೇಸಿಗೆಯ ಕೊನೆಯ ಸರದಿಯ ನೀರು ಬಾರದಿದ್ದರೆ ಕಂತನ್ನು ಯಾವುದರಿಂದ ತೀರಿಸುವಿರಿ ಎಂದು ಕೇಳಿದೆನು. ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕಾಲುದಾರಿಯ ಆಚೆಯ ಹೊಲದವರನ್ನೂ ನಿಗಮದ ಕಚೇರಿಯನ್ನೂ ಕೇಳಿಕೊಂಡು ಬರಲು ಅವರು ಹೋಗಿದ್ದಾರೆ. ಅವರು ಬಂದ ಮೇಲೆ ಮೊದಲ ಹಾಳೆಯನ್ನು ಬರೆಯತಕ್ಕದ್ದು.