ಬುಧವಾರ ಬರುವವರು

ವೃದ್ಧಾಶ್ರಮಕ್ಕೆ ಬರುವವರಲ್ಲಿ ಎರಡು ಬಗೆ. ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಊಟ ಹಾಕಿಸಲು ಬರುವವರು ಒಂದು ಬಗೆ. ಅವರಿಂದ ಅಡುಗೆಮನೆ ನಡೆಯುತ್ತದೆ, ಆ ಋಣ ಸಣ್ಣದಲ್ಲ. ವಾರ ತಪ್ಪದೆ ಬಂದು, ಹಿಡಿದ ಕೆಲಸ ಮುಗಿಸಿ, ಸದ್ದಿಲ್ಲದೆ ಹೋಗುವವರು ಇನ್ನೊಂದು ಬಗೆ. ಊಟ ಕೊಟ್ಟವರ ಹೆಸರು ಬಾಗಿಲ ಬಳಿಯ ಹಲಗೆಯ ಮೇಲೆ ಬರುತ್ತದೆ. ವಾರವಾರ ಬರುವವರ ಹೆಸರು ಎಷ್ಟೋ ಕಡೆ ಕಚೇರಿಯ ಪುಸ್ತಕದಲ್ಲೂ ಇರುವುದಿಲ್ಲ. ಇವರನ್ನು ಗೌರವಿಸುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ನನ್ನ ಸೋದರತ್ತೆ ಇರುವ ಮೈಸೂರಿನ ಆಶ್ರಮಕ್ಕೆ ಪ್ರತಿ ಬುಧವಾರ ಒಬ್ಬ ಹೆಣ್ಣುಮಗಳು ಬರುತ್ತಾರೆ. ಟೈಲರ್ ಅಂಗಡಿಯಲ್ಲಿ ಹೊಲಿಗೆ ಕೆಲಸ. ಇಲ್ಲಿಗೆ ಬರುವುದು ಉಗುರು ತೆಗೆಯಲು. ಅಂಗಡಿಗೆ ಮಂಗಳವಾರ ರಜೆ, ಹಾಗಾಗಿ ಮೊದಲು ಬಂದದ್ದು ಮಂಗಳವಾರವೇ. ಆದರೆ ಮಂಗಳವಾರ, ಶುಕ್ರವಾರ ಉಗುರು ತೆಗೆಸಿಕೊಳ್ಳಲು ಅಲ್ಲಿನ ಅಜ್ಜಿಯರು ಒಪ್ಪಬೇಕಲ್ಲ! ‘ಇವತ್ತು ಬೇಡ ಕಣಮ್ಮ’ ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರಂತೆ. ಆಕೆ ವಾದಕ್ಕೆ ಇಳಿಯಲಿಲ್ಲ. ಮಾಲೀಕರನ್ನು ಕೇಳಿ ಬುಧವಾರ ಅರ್ಧ ದಿನ ಬಿಡುವು ಪಡೆದರು. ಅರ್ಧ ದಿನದ ಕೂಲಿ ಹೋಯಿತು, ಅಜ್ಜಿಯರ ನಂಬಿಕೆ ಉಳಿಯಿತು.

ವಯಸ್ಸಾದವರ ಕಾಲುಗುರು ತೆಗೆಯುವುದು ಸುಲಭವಲ್ಲ. ಉಗುರು ದಪ್ಪಗಾಗಿರುತ್ತದೆ, ಹಳದಿಗಟ್ಟಿರುತ್ತದೆ, ಕೆಲವರದು ಒಳಕ್ಕೆ ಬಾಗಿರುತ್ತದೆ. ಬಗ್ಗಿದರೆ ಸೊಂಟ ಬಿಡದು, ಬಗ್ಗಿದರೂ ಕಣ್ಣು ಕಾಣದು. ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲಿನ ಸ್ಪರ್ಶವೇ ಮಂದವಾಗಿ, ಚರ್ಮ ಕೊಯ್ದದ್ದೂ ಗೊತ್ತಾಗದೆ ಹುಣ್ಣಾಗಬಹುದು. ಆಕೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು, ಮೊಣಕೈ ಅದ್ದಿ ಬಿಸಿ ನೋಡಿ, ಪಾದ ನೆನೆಯಲು ಬಿಡುತ್ತಾರೆ. ಆಮೇಲೆ ಬೆರಳ ಸಂದುಗಳನ್ನೂ ಬಿಡದೆ ಒರೆಸುತ್ತಾರೆ. ಉಗುರನ್ನು ನೇರಕ್ಕೆ ಸ್ವಲ್ಪಸ್ವಲ್ಪವೇ ಕತ್ತರಿಸುತ್ತಾರೆ, ಮೂಲೆಗೆ ಕತ್ತರಿ ಹಾಕುವುದಿಲ್ಲ. ಒಬ್ಬರದು ಮುಗಿದರೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಯೇ ಮುಂದಿನವರಿಗೆ. ಇಷ್ಟು ಹೊತ್ತೂ ಒಬ್ಬರ ಕೈ ಇನ್ನೊಬ್ಬರ ಪಾದದ ಮೇಲಿರುತ್ತದೆ. ಗಂಡ, ಮಕ್ಕಳು, ಮನೆ ಎಲ್ಲವೂ ದೂರವಾದ ಜೀವಕ್ಕೆ ಆ ಸ್ಪರ್ಶ ಏನೆಂಬುದನ್ನು ನಾನು ಅತ್ತೆಯ ಮುಖದಲ್ಲಿ ಕಂಡಿದ್ದೇನೆ.

ಬ್ಯಾಂಕಿನಿಂದ ನಿವೃತ್ತರಾದ ಇನ್ನೊಬ್ಬರು ಬರುತ್ತಾರೆ. ನವೆಂಬರಿನಲ್ಲಿ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದಮೇಲೆ ಇದ್ದಲ್ಲಿಂದಲೇ ಸಲ್ಲಿಸಬಹುದು. ಆದರೆ ಜೀವನಪೂರ್ತಿ ಪಾತ್ರೆ ತಿಕ್ಕಿ ಸವೆದ ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಅವರು ಒಂದೊಂದೇ ಬೆರಳನ್ನು ಒರೆಸಿ ಒತ್ತಿಸುತ್ತಾರೆ. ಯಾವುದೂ ಆಗದಿದ್ದರೆ 2021ರಲ್ಲಿ ಬಂದ, ಮೊಬೈಲಿಗೆ ಮುಖ ತೋರಿಸುವ ವಿಧಾನ. ‘ಅಮ್ಮಾ, ಒಂದ್ಸಲ ಕಣ್ಣು ಮಿಟುಕಿಸಿ’ ಎಂದು ಎಷ್ಟು ಸಲ ಹೇಳಬೇಕಾದರೂ ಅವರ ದನಿ ಏರುವುದಿಲ್ಲ.

ವೃದ್ಧರ ಸೇವೆ ಮಾಡಿದವರನ್ನು ಲೋಕ ಮರೆಯುವುದು ಹೊಸತಲ್ಲ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಜೀನ್ ಜುಗಾನ್ ಎಂಬ ಬಡ ಹೆಂಗಸು, ಕಣ್ಣು ಕಾಣದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಒಬ್ಬರಾದಮೇಲೆ ಒಬ್ಬರು ಸೇರಿದರು. ಅವರ ಊಟಕ್ಕಾಗಿ ಜೀನ್ ಬುಟ್ಟಿ ಹಿಡಿದು ಮನೆಮನೆ ತಿರುಗಿದರು. 1845ರಲ್ಲಿ ಫ್ರೆಂಚ್ ಅಕಾಡೆಮಿ ಅವರಿಗೆ ಬಹುಮಾನ ಕೊಟ್ಟಿತು. ಅಷ್ಟಾದರೂ, ಈ ಸೇವೆ ಸಂನ್ಯಾಸಿನಿಯರ ಸಂಸ್ಥೆಯಾಗಿ ಬೆಳೆದಂತೆ ಅದನ್ನು ಕಟ್ಟಿದವನು ತಾನೆಂದು ಪಾದ್ರಿಯೊಬ್ಬರು ಹೇಳಿಕೊಂಡರು. ಜೀನ್ ಕೊನೆಯ 27 ವರ್ಷ ಮೂಲೆಗುಂಪಾಗಿ ಬದುಕಿ 1879ರಲ್ಲಿ ತೀರಿಕೊಂಡರು. ಸಂಸ್ಥೆ ಆರಂಭಿಸಿದವರು ಇವರೇ ಎಂಬುದು ಜೊತೆಗಿದ್ದ ಎಳೆಯ ಸಂನ್ಯಾಸಿನಿಯರಿಗೇ ತಿಳಿದಿರಲಿಲ್ಲ. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಆ ಸಂಸ್ಥೆಯ ಸಂನ್ಯಾಸಿನಿಯರ ವೃದ್ಧಾಶ್ರಮವಿದೆ. ಆ 27 ವರ್ಷಗಳನ್ನು ನೆನೆದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಗೌರವ ಸಲ್ಲಬೇಕಾದದ್ದು ಕೈ ಇನ್ನೂ ದುಡಿಯುತ್ತಿರುವಾಗ.

ಅಕ್ಟೋಬರ್ 1 ಹಿರಿಯರ ದಿನ, ಡಿಸೆಂಬರ್ 5 ಸ್ವಯಂಸೇವಕರ ದಿನ. ಎರಡನ್ನೂ ಗೊತ್ತುಮಾಡಿದ್ದು ವಿಶ್ವಸಂಸ್ಥೆ. ಅತ್ತೆಯ ಆಶ್ರಮದಲ್ಲಿ ಹಿರಿಯರ ದಿನದ ಸಭೆ ಪ್ರತಿ ವರ್ಷ ನಡೆಯುತ್ತಿತ್ತು. ವೇದಿಕೆಯಲ್ಲಿ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅದೇ ಹೊತ್ತಿನಲ್ಲಿ ಉಗುರು ತೆಗೆಯುವಾಕೆ ಹಿಂದಿನ ಸಾಲಿನಲ್ಲಿ ಯಾರಿಗೋ ನೀರು ಕುಡಿಸುತ್ತಿರುತ್ತಿದ್ದರು. ಕಳೆದ ವರ್ಷ ಅಲ್ಲಿನ ಹಿರಿಯರೇ ಮೇಲ್ವಿಚಾರಕರ ಮುಂದೆ ಕೂತು, ‘ಸ್ವಯಂಸೇವಕರ ದಿನಕ್ಕೂ ಒಂದು ಸಭೆ ಆಗಲಿ, ಅದನ್ನು ನಮಗೆ ಬಿಡಿ’ ಎಂದರು.

ಆ ಸಭೆಯಲ್ಲಿ ಉಗುರು ತೆಗೆಯುವಾಕೆಗೆ ಬಿನ್ನವತ್ತಳೆ ಬರೆದವರು ಆಶ್ರಮದಲ್ಲೇ ಇರುವ ನಿವೃತ್ತ ಕನ್ನಡ ಮೇಡಂ. ತ್ಯಾಗಮಯಿ, ಕರುಣಾಮಯಿ ಮುಂತಾದ ಯಾವ ಬಿರುದೂ ಅದರಲ್ಲಿರಲಿಲ್ಲ. ‘ಜಯಂತಿಗಳು ರಜೆಯಾದವು, ಮಳೆ ಬಂತು, ಬಸ್ಸು ಸಿಗಲಿಲ್ಲ, ನೀವು ಬಂದಿರಿ. ನನ್ನ ಹೆಬ್ಬೆರಳು ಕೀವಾಗಿದ್ದನ್ನು ಮೊದಲು ನೋಡಿದವರು ನೀವು. ಡಾಕ್ಟರಿಗೆ ಹೇಳಿಸಿದಿರಿ. ಇವತ್ತು ನಾನು ನಡೆದೇ ಈ ಮೈಕಿನ ತನಕ ಬಂದಿದ್ದೇನೆ.’ ಹೀಗೆ ಕೆಲಸಗಳದ್ದೇ ಮಾತು. ಶಾಲು ಹೊದಿಸಿದ್ದು ಅತ್ತೆ. ಕೈ ನಡುಗಿ ಶಾಲು ಜಾರಿತು. ಆಕೆ ಬಗ್ಗಿ ನಿಂತು ಎರಡನೆಯ ಸಲ ಹೊದಿಸಿಕೊಂಡರು. ಸನ್ಮಾನ ಹೀಗಿರಬೇಕು ಎಂದು ಆಗ ನನಗೆ ಅನ್ನಿಸಿತು. ಸೇವೆ ಪಡೆದವರ ಕೈಯಿಂದಲೇ ಬರಬೇಕು, ಏನು ಮಾಡಿದರೆಂಬುದನ್ನು ಬಿಡಿಬಿಡಿಯಾಗಿ ಹೇಳಬೇಕು.

ಅಂದಿನಿಂದ ಕೆಲವು ಸಂಗತಿ ಬದಲಾದವು. ಸ್ವಯಂಸೇವಕರಿಗೊಂದು ಪುಸ್ತಕ ಬಂತು. ಹೆಸರು, ಫೋನ್ ನಂಬರು, ಮನೆಯಲ್ಲಿ ಯಾರಿಗೆ ತಿಳಿಸಬೇಕೆಂಬುದು ಅದರಲ್ಲಿದೆ. ಎರಡು ವಾರ ಯಾರಾದರೂ ಬರದಿದ್ದರೆ ಹಿರಿಯರಲ್ಲೊಬ್ಬರು ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಾರೆ. ನೆಲದ ಮೇಲೆ ಕೂತು ಕೂತು ಉಗುರು ತೆಗೆಯುವಾಕೆಗೆ ಬೆನ್ನುನೋವು ಬಂದಿತ್ತು. ಹಿರಿಯರು ತಮ್ಮ ಪಿಂಚಣಿಯಿಂದ ಚೂರುಚೂರು ಸೇರಿಸಿ ಗಿಡ್ಡ ಸ್ಟೂಲೊಂದನ್ನು ಮಾಡಿಸಿಕೊಟ್ಟಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸದಾಗಿ ಬರುವ ಕಾಲೇಜು ಹುಡುಗಿಯರಿಗೆ ಈ ಕೆಲಸ ಕಲಿಸಿಕೊಡಿ ಎಂದು ಆಶ್ರಮ ಆಕೆಯನ್ನೇ ಕೇಳಿಕೊಂಡಿತು. ಈಗ ಬುಧವಾರ ಆಕೆಯ ಪಕ್ಕದಲ್ಲಿ ಇಬ್ಬರು ಹುಡುಗಿಯರು ಕೂತಿರುತ್ತಾರೆ. ಮೊದಲ ತಿಂಗಳು ನೀರಿನ ಬಿಸಿ ನೋಡುವುದು, ಪಾದ ಒರೆಸುವುದು, ಅಜ್ಜಿಯರ ಮಾತು ಕೇಳುವುದು ಇಷ್ಟೇ ಪಾಠ. ಕತ್ತರಿ ಕೈಗೆ ಕೊಡುವುದು ಆಮೇಲೆ.