ಪಳಗುವುದು

2021ರ ಫೆಬ್ರವರಿ 1ರಂದು ಮುಂಬಯಿಯ ಲೋಕಲ್ ರೈಲುಗಳು ಜನಸಾಮಾನ್ಯರಿಗೆ ಮತ್ತೆ ತೆರೆದವು. ಹಿಂದಿನ ಮಾರ್ಚ್‌ನಲ್ಲಿ ನಿಂತ ಗಾಡಿಗಳು ಮೊದಲು ಅಗತ್ಯ ಸೇವೆಯವರಿಗಾಗಿ ಓಡಿದವು, ಆಮೇಲೆ ಒಂದೊಂದೇ ವರ್ಗದವರನ್ನು ಹತ್ತಿಸಿಕೊಂಡವು. ಈಗ ಎಲ್ಲರೂ ಹತ್ತಬಹುದಿತ್ತು, ಆದರೆ ಮೂರು ಹೊತ್ತು ಮಾತ್ರ: ಮೊದಲ ಗಾಡಿಯಿಂದ ಬೆಳಗಿನ 7 ಗಂಟೆಯವರೆಗೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರಿಂದ ಕೊನೆಯ ಗಾಡಿಯವರೆಗೆ. ಹತ್ತು ಗಂಟೆಯ ಆಫೀಸಿಗೆ ಏಳರೊಳಗೆ ಗಾಡಿ ಹತ್ತು ಅಂದರೆ ಇದ್ಯಾವ ನ್ಯಾಯ ಎಂದು ಊರೆಲ್ಲ ಬೈದುಕೊಂಡಿತು. ಬೋರಿವಲಿಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದ್ದ, ಮೂಲತಃ ಧಾರವಾಡದ ಒಬ್ಬರಿಗೆ ಮಾತ್ರ ಈ ವೇಳಾಪಟ್ಟಿ ತಮಗಾಗಿಯೇ ಬರೆದಂತೆ ಕಂಡಿತು. ಅವರು ಹೋಗಬೇಕಾಗಿದ್ದದ್ದು ಆಫೀಸಿಗಲ್ಲ, ಮಹಾಲಕ್ಷ್ಮಿ ಸ್ಟೇಷನ್ನಿನ ಆಚೆಗಿದ್ದ ಒಂದು ಕುದುರೆ ಲಾಯಕ್ಕೆ. ಅಲ್ಲಿ ಸವಾರಿ ನಡೆಯುವುದೇ ಬಿಸಿಲೇರುವ ಮೊದಲು.

ಅವರಿಗೆ ಆಗ ಐವತ್ಮೂರು ವರ್ಷ. ಫೋರ್ಟ್ ಕಡೆಯ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಸವಾರಿ ಕಲಿಯಲು ಶುರು ಮಾಡಿದ್ದು ನಲವತ್ತಾರಕ್ಕೆ. ಶ್ರೀಮಂತರ ಷೋಕಿ ಎಂದು ನೆಂಟರು ನಕ್ಕಿದ್ದರು. ಕಾರಣ ಕೇಳಿದವರಿಗೆ ಅವರು ಹೇಳುತ್ತಿದ್ದದ್ದು ಹುಬ್ಬಳ್ಳಿಯ ಟಾಂಗಾದ ಕತೆ: ಸ್ಟೇಷನ್ನಿನಿಂದ ಅತ್ತೆಯ ಮನೆಗೆ ಹೋಗುವಾಗ ಅಣ್ಣ ಅವರನ್ನು ಎತ್ತಿ ಟಾಂಗಾದವನ ಪಕ್ಕ ಮುಂದೆ ಕೂರಿಸುತ್ತಿದ್ದದ್ದು, ಕುದುರೆಯ ಬೆನ್ನು ಕಣ್ಣೆದುರಿಗೇ ಕುಲುಕುತ್ತಿದ್ದದ್ದು. ಏಳು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ, ಅವರು ಹತ್ತಿದ್ದು ಒಂದೇ ಕುದುರೆಯನ್ನು. ಅದರ ಹೆಸರು ಬಾದಲ್. ಒಂದು ಕಾಲದಲ್ಲಿ ರೇಸಿನಲ್ಲಿ ಓಡಿದ ಥರೋಬ್ರೆಡ್, ಬೂದು ಬಣ್ಣ. ಕುಣಿಗಲ್ಲಿನ ಫಾರ್ಮಿನಲ್ಲಿ ಹುಟ್ಟಿದ್ದು ಎಂದು ಲಾಯದವರು ಹೇಳುತ್ತಿದ್ದರು. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತ ಬಂದ ಊರು ಅದು. ಹಾಗಾಗಿ ಈ ಕುದುರೆಗೆ ಕನ್ನಡ ತಿಳಿಯುತ್ತದೆ ಎಂದು ಅವರು ತಮಾಷೆಗೆ ಹೇಳುವುದಿತ್ತು, ಕನ್ನಡದಲ್ಲೇ ಅದರ ಜೊತೆ ಮಾತಾಡುವುದೂ ಇತ್ತು.

2020ರ ಸೆಪ್ಟೆಂಬರಿನಲ್ಲಿ ಅವರಿಗೆ ಕೋವಿಡ್ ಬಂತು. ಹದಿನಾರು ದಿನ ಆಸ್ಪತ್ರೆ, ಅದರಲ್ಲಿ ಒಂಬತ್ತು ದಿನ ಆಕ್ಸಿಜನ್. ಅವರು ಅಲ್ಲಿರುವಾಗಲೇ ಧಾರವಾಡದಲ್ಲಿ ಅಣ್ಣ ತೀರಿಕೊಂಡರು. ಮನೆಯವರು ಆ ಸುದ್ದಿಯನ್ನು ಹೇಳಿದ್ದು ಅವರು ಮನೆಗೆ ಬಂದ ನಾಲ್ಕು ದಿನದ ಮೇಲೆ. ಅಂತ್ಯಕ್ರಿಯೆಯನ್ನು ಯಾರೋ ಫೋನಿನಲ್ಲಿ ಚಿತ್ರೀಕರಿಸಿದ್ದರು. ಅದನ್ನು ಅವರು ಒಮ್ಮೆ ನೋಡಿ ಅಳಿಸಿಹಾಕಿದರು. ಆಮೇಲಿನ ತಿಂಗಳುಗಳಲ್ಲಿ ಎರಡು ಮಹಡಿ ಹತ್ತಲು ನಡುವೆ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ತೂಕ ಒಂಬತ್ತು ಕಿಲೋ ಇಳಿದಿತ್ತು. ಲಾಯಕ್ಕೆ ಹೋಗುತ್ತೇನೆ ಎಂದಾಗ ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾ, ನಿಮಗ ಮೆಟ್ಟಲಾ ಹತ್ತಲಿಕ್ಕೇ ಆಗವಲ್ದು, ಕುದರಿ ಹೆಂಗ ಹತ್ತತೀರಿ?"

ಫೆಬ್ರವರಿಯ ಮೊದಲ ಶನಿವಾರ ಅವರು ಮಹಾಲಕ್ಷ್ಮಿಯ ಸೇತುವೆಯ ಮೇಲೆ, ಕೆಳಗಿನ ಧೋಬಿಘಾಟ್ ನೋಡುವ ನೆಪದಲ್ಲಿ, ಮೂರು ಸಲ ನಿಂತು ಉಸಿರು ತೆಗೆದುಕೊಂಡು ಲಾಯ ಮುಟ್ಟಿದರು. ಬಾದಲ್‌ಗೆ ಆ ಜನವರಿಗೆ ಹತ್ತೊಂಬತ್ತು ತುಂಬಿತ್ತು. ಥರೋಬ್ರೆಡ್ ಯಾವ ತಿಂಗಳಲ್ಲೇ ಹುಟ್ಟಿರಲಿ, ನಮ್ಮಲ್ಲಿ ಅದರ ವಯಸ್ಸು ಏರುವುದು ಜನವರಿ 1ಕ್ಕೆ. ಕುದುರೆ ಇಪ್ಪತ್ತೈದು, ಮೂವತ್ತರವರೆಗೂ ಬದುಕಬಹುದು. ಆದರೆ ಹದಿನೈದು ದಾಟಿದ ಮೇಲೆ ಅದನ್ನು ಹಿರಿಯ ಎಂದೇ ನೋಡಿಕೊಳ್ಳಬೇಕು. ಕಣ್ಣಿನ ಮೇಲಿನ ಗುಳಿಗಳು ಆಳವಾಗಿದ್ದವು. ಬೆನ್ನಿನ ಎರಡೂ ಬದಿಯ ಮಾಂಸ ಇಳಿದು ಬೆನ್ನೆಲುಬಿನ ಗೆರೆ ಎದ್ದು ಕಾಣುತ್ತಿತ್ತು. ಲಾಕ್‌ಡೌನಿನಲ್ಲಿ ಸೈಸ್ ಅದನ್ನು ದಿನಾ ಕೈಯಲ್ಲಿ ಹಿಡಿದು ನಡೆಸಿದ್ದ, ಹೊಟ್ಟೆಗೆ ಕಡಿಮೆ ಮಾಡಿರಲಿಲ್ಲ. ಆದರೂ ಸವಾರನನ್ನು ಹೊರುವ ಸ್ನಾಯು ಹೊರದೇ ಉಳಿಯುವುದಿಲ್ಲ. ಹಳೆಯ ಜೀನು ಹಾಕಿ ನೋಡಿದರೆ ಅದು ಮುಂದಕ್ಕೆ ಜಾರಿ ಹೆಗಲಿನ ಎಲುಬಿಗೆ ಒತ್ತುತ್ತಿತ್ತು. ಅಶ್ವದಳದಿಂದ ನಿವೃತ್ತರಾದ ತರಬೇತುದಾರರು, ಎಲ್ಲರ ಬಾಯಲ್ಲಿ ದಫೇದಾರ್ ಸಾಹೇಬರು, ಕುದುರೆಯನ್ನೂ ಸವಾರರನ್ನೂ ಒಮ್ಮೆ ನೋಡಿ ಹಿಂದಿಯಲ್ಲಿ ಹೇಳಿದರು: "ಇಬ್ಬರೂ ಬೆನ್ನು ಕಳಕೊಂಡು ಬಂದಿದ್ದೀರಿ. ಮೊದಲ ಎರಡು ವಾರ ಹತ್ತುವುದು ಬೇಡ."

ಅವರು ನಿರೀಕ್ಷಿಸಿದ್ದು ಬೇರೆಯೇ. ಹನ್ನೊಂದು ತಿಂಗಳ ಮೇಲೆ ಬಂದವನನ್ನು ಕುದುರೆ ಗುರುತಿಸಿ ಕೆನೆಯಬಹುದು ಎಂಬ ಆಸೆ ಇತ್ತು. ಬಾದಲ್ ಕೆನೆಯಲಿಲ್ಲ. ಅವರ ಅಂಗಿಯ ಎಡ ಜೇಬು ಮೂಸಿತು, ಅಷ್ಟೆ. ಕ್ಯಾರೆಟ್ ಇರುತ್ತಿದ್ದದ್ದು ಯಾವಾಗಲೂ ಎಡ ಜೇಬಿನಲ್ಲೇ. ಕುದುರೆಗಳ ನೆನಪು ದೀರ್ಘವಾದದ್ದು. ತಿನಿಸು ಕೊಟ್ಟು ಒಳ್ಳೆಯ ರೀತಿಯಲ್ಲಿ ತರಬೇತಿ ಪಡೆದ ಕುದುರೆಗಳು ತಿಂಗಳುಗಳ ಅಂತರದ ನಂತರವೂ ಕಲಿತದ್ದನ್ನು ಮರೆಯುವುದಿಲ್ಲ, ಮನುಷ್ಯರ ಬಳಿ ತಾವಾಗಿ ಬರುತ್ತವೆ ಎಂದು ಫ್ರಾನ್ಸಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ತೋರಿಸಿದ್ದರು. ಆದರೆ ನೆನಪಿರುವುದು ಬೇರೆ, ನಾವು ಬಯಸಿದ ರೀತಿಯಲ್ಲಿ ಅದನ್ನು ತೋರಿಸುವುದು ಬೇರೆ.

ರೈಲಿನ ವೇಳಾಪಟ್ಟಿ ಇಲ್ಲಿ ತನ್ನ ಕೆಲಸ ಮಾಡಿತು. ಮೊದಲಾಗಿದ್ದರೆ ಮುಕ್ಕಾಲು ಗಂಟೆ ಸವಾರಿ ಮಾಡಿ, ಲಗಾಮನ್ನು ಸೈಸ್‌ನ ಕೈಗೆ ಕೊಟ್ಟು, ಎಂಟೂವರೆಯ ಗಾಡಿ ಹಿಡಿಯುತ್ತಿದ್ದರು. ಈಗ ಹನ್ನೆರಡರವರೆಗೆ ಮನೆಗೆ ಗಾಡಿಯಿಲ್ಲ. ಟ್ಯಾಕ್ಸಿಯಲ್ಲಿ ಬೋರಿವಲಿಗೆ ಹೋಗುವುದು ಜೇಬಿಗೆ ಭಾರ. ಹೀಗೆ ವಾರಕ್ಕೆರಡು ದಿನ, ಐದೈದು ಗಂಟೆ ಲಾಯದಲ್ಲೇ ಕೂರಬೇಕಾಯಿತು. ಏಳು ವರ್ಷ ಹತ್ತಿ ಇಳಿದ ಪ್ರಾಣಿಯ ದಿನ ಹೇಗೆ ಕಳೆಯುತ್ತದೆ ಎಂದು ಅವರು ನೋಡಿದ್ದು ಆಗಲೇ.

ಕುದುರೆಯ ಹಲ್ಲು ಜೀವನಪೂರ್ತಿ ಮೇಲೇರುತ್ತ, ಸವೆಯುತ್ತ ಇರುತ್ತದೆ. ಬಾದಲ್‌ನ ದವಡೆ ಹಲ್ಲು ಒಂದು ಕಡೆ ಓರೆಯಾಗಿ ಸವೆದಿತ್ತು. ಹುಲ್ಲನ್ನು ಅಗಿದು ಅರ್ಧಕ್ಕೇ ಉಂಡೆ ಮಾಡಿ ಉಗುಳುತ್ತಿತ್ತು. ಅದಕ್ಕೇ ಸೈಸ್ ಅದರ ಹುಲ್ಲನ್ನು ಸಣ್ಣಗೆ ಕತ್ತರಿಸಿ ನೆನೆಸಿ ಕೊಡುತ್ತಿದ್ದ. ಎಡಗಡೆ ಬಾಯಿಗೆ ಅದು ಬಿಗಿಯಾಗಿರುತ್ತದೆ ಎಂದು ಅವರು ವರ್ಷಗಟ್ಟಲೆ ದೂರುತ್ತಿದ್ದರಲ್ಲ, ಆ ಬಿಗಿಗೂ ಈ ಹಲ್ಲಿಗೂ ಸಂಬಂಧವಿರಬಹುದು ಎಂದು ಈಗ ಹೊಳೆಯಿತು. ಗೊರಸಿನ ಕೊಳೆ ತೆಗೆಯುವುದು, ಮೈ ಉಜ್ಜುವುದು ಕಲಿತರು. ಬಗ್ಗಿ ನಾಲ್ಕು ಗೊರಸು ಮುಗಿಸುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಬಾದಲ್ ಕಾಲು ಎತ್ತಿ ಹಾಗೇ ನಿಂತಿರುತ್ತಿತ್ತು.

ಮಧ್ಯಾಹ್ನಕ್ಕೆ ಕಾಯುತ್ತ ಕೂತಾಗ ಅವರು ಕುದುರೆಯ ಪಕ್ಕೆ ನೋಡಿ ಉಸಿರು ಎಣಿಸುತ್ತಿದ್ದರು. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ ಎಂಟರಿಂದ ಹದಿನಾರು ಸಲ ಉಸಿರಾಡುತ್ತದೆ. ಬಾದಲ್‌ನದು ಹನ್ನೆರಡು. ತಮ್ಮದು ಇಪ್ಪತ್ತೆರಡು, ಇಪ್ಪತ್ತಮೂರು. ಆಸ್ಪತ್ರೆಯಲ್ಲಿ ಬೇರೆಯವರು ಅವರ ಉಸಿರನ್ನು ಎಣಿಸಿದ್ದರು. ಇಲ್ಲಿ ಎಣಿಸುವ ಕೆಲಸ ಅವರದಾಗಿತ್ತು, ಅದರಲ್ಲಿ ಹೆದರಿಕೆ ಇರಲಿಲ್ಲ.

ನಮ್ಮ ಭಾಷೆಯಲ್ಲಿ ಕುದುರೆಗೆ ತೊಡಿಸುವುದೆಲ್ಲ ಹೆಚ್ಚಾಗಿ ಹೊರಗಿನಿಂದ ಬಂದದ್ದು. ಜೀನು, ಲಗಾಮು ಪಾರಸಿಯವು. ರಿಕಾಪು, ಸೈಸ್ ಅರಬ್ಬಿಯಿಂದ ಬಂದವು. ಕುದುರೆ, ಕಡಿವಾಣ, ನಾಲ್ಕು ಕಾಲಿನ ಓಟವಾದ ನಾಗಾಲೋಟ ನಮ್ಮವು. ಇನ್ನೊಂದು ನಮ್ಮದೇ ಪದ ಪಳಗಿಸು. ಕುದುರೆ, ಆನೆಗಳ ವಿಷಯ ಬಂದರೆ ನಾವು ಈ ರೂಪವನ್ನೇ ಬಳಸುತ್ತೇವೆ: ಮನುಷ್ಯ ಪಳಗಿಸುತ್ತಾನೆ, ಪ್ರಾಣಿ ಪಳಗುತ್ತದೆ. ಆದರೆ ಅಡುಗೆಯವನ ಕೈ ಪಳಗಿದೆ ಎನ್ನುವಾಗ ಅಲ್ಲಿ ಪಳಗಿಸಿದವರು ಯಾರೂ ಇಲ್ಲ, ದಿನವೂ ಮಾಡಿದ ಕೆಲಸ ಮಾತ್ರ ಇದೆ. ತಮಿಳಿನಲ್ಲಿ ಇದೇ ಮಾತಿಗೆ ಒಡನಾಡು, ಪರಿಚಯವಾಗು ಎಂಬ ಅರ್ಥವೂ ಇದೆ. ಇಬ್ಬರು ಮನುಷ್ಯರು ಒಬ್ಬರಿಗೊಬ್ಬರು ಪಳಗಬಹುದು. ಆ ಎರಡು ವಾರ ಲಾಯದಲ್ಲಿ ನಡೆದದ್ದು ಈ ತಮಿಳಿನ ಅರ್ಥಕ್ಕೆ ಹತ್ತಿರ. ಅಲ್ಲಿ ಪಳಗಿಸುವವರು ಇರಲಿಲ್ಲ.

ಮೂರನೇ ವಾರ, ಬೆನ್ನಿಗೆ ಹೊಂದುವಂತೆ ದಪ್ಪ ಗಾದಿ ಇಟ್ಟು ಬೇರೆ ಜೀನು ಕಟ್ಟಿ, ಕಲ್ಲುಕಟ್ಟೆಯ ಮೇಲೆ ನಿಂತು ಅವರು ಹತ್ತಿದರು. ನೆಲದಿಂದ ರಿಕಾಪಿಗೆ ಕಾಲಿಟ್ಟು ಹತ್ತುವುದು ಸವಾರನಿಗೂ ಕಷ್ಟ, ಕುದುರೆಯ ಬೆನ್ನನ್ನೂ ಒಂದು ಬದಿಗೆ ಎಳೆಯುತ್ತದೆ. ಮೊದಲ ದಿನ ಹತ್ತು ನಿಮಿಷ, ಬರೀ ನಡಿಗೆ. ಮುಂದಿನ ವಾರ ಹದಿನೈದು. ಸ್ನಾಯು ವಾರಗಳಲ್ಲಿ ಬಲವಾಗುತ್ತದೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಚೆನ್ನಾಗಿ ಕಾಣುತ್ತಿದೆ ಎಂದು ಅವಸರಿಸಿದವರ ಕುದುರೆ ಕುಂಟುವುದು ಆಗಲೇ. ದಫೇದಾರ್ ಸಾಹೇಬರು ಇದನ್ನು ಹೇಳುವಾಗ ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ಬಿಡಿಸಿ ಹೇಳುತ್ತಿರಲಿಲ್ಲ.

ಕುದುರೆ ಬಾಯಿಂದ ಉಸಿರಾಡಲಾರದು, ಮೂಗೊಂದೇ ದಾರಿ. ನಾಗಾಲೋಟದಲ್ಲಿ ಅದರ ಉಸಿರು ಹೆಜ್ಜೆಗೆ ಕಟ್ಟುಬಿದ್ದಿರುತ್ತದೆ, ಒಂದು ನೆಗೆತಕ್ಕೆ ಒಂದು ಉಸಿರು. ಸವಾರನ ಉಸಿರೂ ಲೆಕ್ಕಕ್ಕೆ ಬರುತ್ತದೆ: ಉಸಿರು ಬಿಗಿಹಿಡಿದರೆ ಸೊಂಟ ಗಟ್ಟಿಯಾಗುತ್ತದೆ, ಅದು ಕುದುರೆಗೆ ತಿಳಿಯುತ್ತದೆ. ನಿಲ್ಲಿಸಬೇಕಾದರೆ ಲಗಾಮು ಎಳೆಯುವ ಮೊದಲು ಉಸಿರನ್ನು ಉದ್ದಕ್ಕೆ ಬಿಡಿ ಎಂದು ಕಲಿಸುತ್ತಾರೆ. ಫಿಸಿಯೋಥೆರಪಿಯ ಹುಡುಗಿ ಫೋನಿನಲ್ಲಿ ಹೇಳಿಕೊಟ್ಟದ್ದೂ ಅದೇ, ಉಸಿರು ಬಿಡುವುದನ್ನು ಉದ್ದ ಮಾಡಿ ಎಂದು. ಕುರ್ಚಿಯಲ್ಲಿ ಕೂತು ಮಾಡುವಾಗ ಅವರಿಗೆ ಬೇಸರ ಬರುತ್ತಿತ್ತು. ಇಲ್ಲಿ ಉಸಿರು ಬಿಟ್ಟರೆ ನಾನೂರೈವತ್ತು ಕಿಲೋದ ದೇಹವೊಂದು ನಿಧಾನವಾಗುತ್ತಿತ್ತು.

ಮಾರ್ಚ್ ಮಧ್ಯದಲ್ಲಿ ಲಾಯದ ಮಾಲೀಕರು ಬೇರೆ ಮಾತು ತೆಗೆದರು. ಏಳು ವರ್ಷದ ಹೆಣ್ಣು ಕುದುರೆಯೊಂದು ಬಂದಿದೆ, ಸಾಧು, ಗಟ್ಟಿಮುಟ್ಟು. ಅದರ ಮೇಲೆ ಶುರುಮಾಡಿದರೆ ಮೇ ಹೊತ್ತಿಗೆ ಮೊದಲಿನಂತಾಗಬಹುದು ಎಂದು. ಬಾದಲ್‌ನನ್ನು ಕರ್ಜತ್ ಕಡೆಯ ಒಂದು ಜಾಗಕ್ಕೆ ಕಳಿಸುವ ಯೋಚನೆಯಿತ್ತು. ಮಾತಿನಲ್ಲಿ ಕೆಡುಕು ಇರಲಿಲ್ಲ. ಕೆಲಸ ಮಾಡದ ಕುದುರೆಯೂ ಅಷ್ಟೇ ತಿನ್ನುತ್ತದೆ, ಅದಕ್ಕೂ ಲಾಳ ಬೇಕು, ವೈದ್ಯರು ಬೇಕು, ಮುಂಬಯಿಯಲ್ಲಿ ಹತ್ತು ಹನ್ನೆರಡು ಅಡಿಯ ಜಾಗ ಬೇಕು. ಈ ಊರು ಕುದುರೆಯಿಂದ ಬಹುತೇಕ ಕೈ ತೊಳೆದುಕೊಂಡಿದೆ. ಮೋಜಿಗಾಗಿ ಓಡುತ್ತಿದ್ದ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಎಂದು ಬಾಂಬೆ ಹೈಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ಅವರ ಆಫೀಸಿಗೆ ಹತ್ತಿರದ ಕಾಲಾ ಘೋಡಾದ ಹೆಸರಿಗೆ ಕಾರಣವಾದ ಏಳನೇ ಎಡ್ವರ್ಡ್‌ನ ಅಶ್ವಾರೂಢ ಪ್ರತಿಮೆ 1965ರಲ್ಲೇ ಅಲ್ಲಿಂದ ಹೋಯಿತು. 2017ರಲ್ಲಿ ಅಲ್ಲಿ ನಿಲ್ಲಿಸಿದ ಹೊಸ ಕುದುರೆಯ ಮೇಲೆ ಸವಾರನೇ ಇಲ್ಲ.

ಮೊದಲಿನಂತಾಗುವುದು ಎಂಬ ಮಾತು ಅವರಿಗೆ ಹಿಡಿಸಲಿಲ್ಲ, ಯಾಕೆಂದು ಮಾಲೀಕರಿಗೆ ವಿವರಿಸಲೂ ಆಗಲಿಲ್ಲ. ಮೊದಲು ಇದ್ದದ್ದರಲ್ಲಿ ಅಣ್ಣನೂ ಇದ್ದ. ಸದ್ಯಕ್ಕೆ ಬಾದಲ್ ಸಾಕು, ಖರ್ಚಿನಲ್ಲಿ ಸ್ವಲ್ಪ ನಾನು ಕೊಡುತ್ತೇನೆ ಎಂದಷ್ಟೇ ಹೇಳಿದರು.

ಮಾರ್ಚ್ ಕೊನೆಯ ಭಾನುವಾರ ಕುಕ್ಕುಲೋಟಕ್ಕೆ ಅನುಮತಿ ಸಿಕ್ಕಿತು, ಮೈದಾನದ ಉದ್ದದ ಬದಿಯಲ್ಲಿ ಮಾತ್ರ. ಕುಕ್ಕುಲೋಟದಲ್ಲಿ ಸವಾರ ಹೆಜ್ಜೆಗೆ ಸರಿಯಾಗಿ ಜೀನಿನಿಂದ ಎದ್ದು ಕೂರುತ್ತಿರಬೇಕು. ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಅವರಿಗೆ ಎದೆ ಬಿಗಿಯಿತು. ಮೂಲೆಯವರೆಗೆ ಹೋಗಿಯೇ ತೀರುತ್ತೇನೆ ಎಂದು ಅವರು ಹೇಳದೆ ಎಣಿಸುತ್ತಿದ್ದರು. ಮೂಲೆಗೆ ಇನ್ನೂ ಹತ್ತು ಮಾರು ಇರುವಾಗ ಬಾದಲ್ ತಾನಾಗಿ ನಡಿಗೆಗೆ ಇಳಿಯಿತು. ಲಗಾಮು ಎಳೆದಿರಲಿಲ್ಲ. ದಫೇದಾರ್ ಸಾಹೇಬರು ನಡುವಿನಿಂದ ಕೂಗಲೂ ಇಲ್ಲ. ಕುದುರೆ ಸುಸ್ತಾಯಿತೇ, ಸವಾರ ಸುಸ್ತಾದದ್ದು ಅದಕ್ಕೆ ತಿಳಿಯಿತೇ ಎಂದು ಆಮೇಲೆ ಸೈಸ್‌ನನ್ನು ಕೇಳಿದರು. ಅವನು ಜೀನು ಬಿಚ್ಚುತ್ತ, "ಅದಕ್ಕೆ ಎರಡೂ ಒಂದೇ ಸಾಹೇಬ್" ಎಂದ.

ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು, ರೈಲು ಮತ್ತೆ ಮುಚ್ಚಿತು. ತೆರೆದದ್ದು ಆಗಸ್ಟ್ 15ಕ್ಕೆ, ಎರಡು ಡೋಸ್ ಆಗಿ ಹದಿನಾಲ್ಕು ದಿನ ಕಳೆದವರಿಗೆ. ಈ ಸಲ ಹೊತ್ತಿನ ಕಟ್ಟುಪಾಡು ಇರಲಿಲ್ಲ. ಎಂಟೂವರೆಗೇ ಮನೆಗೆ ಹೊರಡಬಹುದಿತ್ತು.

ಬಾದಲ್ ಇನ್ನೂ ಅಲ್ಲೇ ಇತ್ತು. ಮಳೆಗಾಲದಲ್ಲಿ ಮುಂಗಾಲಿನ ಕೀಲು ಊದಿ ಇಳಿದಿತ್ತು. ಇನ್ನು ಅದರ ಮೇಲೆ ಯಾರೂ ಹತ್ತುವಂತಿಲ್ಲ ಎಂದು ವೈದ್ಯರು ಹೇಳಿದ್ದರು, ನಡೆಸಬಹುದು. ಅವರು ಹೆಣ್ಣು ಕುದುರೆಯ ಮೇಲೆ ಪಾಠ ಶುರುಮಾಡಿದರು. ಅದರ ಹೆಜ್ಜೆ ಬೇರೆ, ಬಾಯಿ ಬೇರೆ, ಅದಕ್ಕೆ ಕನ್ನಡ ಹೊಸದು. ಪಾಠ ಮುಗಿದ ಮೇಲೆ ಬಾದಲ್‌ನ ಹಗ್ಗ ಹಿಡಿದು ಮೈದಾನದ ಸುತ್ತ ಇಪ್ಪತ್ತು ನಿಮಿಷ ನಡೆಯುತ್ತಾರೆ. ಈಗ ಅವರು ನಡುವೆ ನಿಲ್ಲಬೇಕಾಗಿಲ್ಲ. ಕುದುರೆ ನಿಂತರೆ ನಿಲ್ಲುತ್ತಾರೆ.