ಪಿಚೋಲಾದ ಒಡ್ಡು

ಉದಯಪುರದ ಪಿಚೋಲಾ ಸರೋವರದಲ್ಲಿ ನಾವು ದೋಣಿಯೇರಿದಾಗ ಇಳಿಹೊತ್ತಾಗಿದ್ದಿತು. ಹೋಟೆಲಾಗಿ ಮಾರ್ಪಟ್ಟ ಜಗನಿವಾಸವನ್ನು ದೂರದಿಂದಲೇ ಕಂಡು, ಕಲ್ಲಾನೆಗಳು ಸಾಲುನಿಂತ ಜಗಮಂದಿರ ದ್ವೀಪದಲ್ಲಿ ಇಳಿದೆವು. ತಂದೆ ಜಹಾಂಗೀರನ ಮೇಲೆ ದಂಗೆಯೆದ್ದ ಖುರ್ರಮನಿಗೆ, ಮುಂದೆ ಷಹಜಹಾನನೆನಿಸಿದವನಿಗೆ, 1620ರ ದಶಕದಲ್ಲಿ ಮೇವಾಡದ ರಾಣಾ ಕರ್ಣಸಿಂಹನು ಆಶ್ರಯವಿತ್ತುದು ಇಲ್ಲಿಯೇ. 1857ರಲ್ಲಿ ನೀಮಚದಿಂದ ಓಡಿಬಂದ ಐರೋಪ್ಯ ಕುಟುಂಬಗಳನ್ನು ರಾಣಾ ಸ್ವರೂಪಸಿಂಹನು ಕಾಪಾಡಿದುದೂ ಇಲ್ಲಿಯೇ.

ಈ ಹೆಸರುಗಳನ್ನೆಲ್ಲ ಅಂಬಿಗನು ತಡವರಿಸದೆ ಹೇಳಿದನು. ಕೆರೆಯನ್ನು ಕಟ್ಟಿದವರಾರೆಂದು ಕೇಳಿದಾಗ ಮಾತ್ರ, 14ನೆಯ ಶತಮಾನದಲ್ಲಿ ಧಾನ್ಯದ ಎತ್ತುಗಳನ್ನು ದಾಟಿಸಲು ಯಾರೋ ಬಂಜಾರನು ಒಡ್ಡು ಹಾಕಿದನಂತೆ ಎಂದು ಮಾತು ಮುಗಿಸಿದನು. ಸೊಲ್ಲಾಪುರದ ನಮ್ಮ ಶಾಲೆಗೆ ತಾಂಡಾದಿಂದ ಬರುವ ಲಂಬಾಣಿ ಮಕ್ಕಳು ಆ ಬಂಜಾರರ ಕುಲದವರೇ. ಅರಮನೆಗಳ ಚೆಲುವು ಆಮೇಲೆ ನಮ್ಮ ಕಣ್ಣಿಗೆ ತುಸು ಮಸುಕಾಯಿತು.

ಊರಿಗೆ ಮರಳಿ ತರಗತಿಯಲ್ಲಿ ಒಡ್ಡಿನ ಕಥೆಯನ್ನೇ ಮೊದಲು ಹೇಳಿದೆವು. ಹಿಂದಿನ ಸಾಲಿನ ಬಾಲಕನೊಬ್ಬನು, “ಆ ಒಡ್ಡು ಇನ್ನೂ ಐತೇನ್ರಿ, ಗುರುಗಳೇ?” ಎಂದನು.